ಮಳೆ ನಿಂತ ಮೇಲೆ ಪುಣೆಯ ಗುಡ್ಡದ ದಾರಿಗಳು: ಸೈಕಲ್ಲಿನವರಿಗೊಂದು ವರದಿ

ನವರಾತ್ರಿ ಮುಗಿದು ದೀಪಾವಳಿಗೆ ಇನ್ನೂ ಕೆಲವು ದಿನಗಳಿರುವ ಈ ಅವಧಿಯಲ್ಲಿ, ಪುಣೆಯಲ್ಲಿ ನೆಲಸಿರುವ ನಮ್ಮ ಕನ್ನಡ ಬಂಧುಗಳ ಪೈಕಿ ಸೈಕಲ್ಲಿನ ಹವ್ಯಾಸವುಳ್ಳವರು ಒಬ್ಬರನ್ನೊಬ್ಬರು ಕಂಡಾಗ ಕೇಳುವ ಮೊದಲ ಪ್ರಶ್ನೆ ಊರಿನ ಸಮಾಚಾರವಲ್ಲ, "ಗುಡ್ಡದ ದಾರಿ ಒಣಗಿತೇ?" ಎಂಬುದು. ಮಧ್ಯಾಹ್ನದ ಊಟದ ನೂಕುನುಗ್ಗಲು ಇಳಿದ ಮೇಲೆ ಹೊಟೇಲಿನ ಹಿಂಬಾಗಿಲಲ್ಲಿ ಕುಳಿತು ಮೈ ಆರಿಸಿಕೊಳ್ಳುವ ಅಡುಗೆಯವರಲ್ಲಿಯೂ, ಸಂಜೆ ಕಡತಗಳನ್ನು ಮುಚ್ಚಿಟ್ಟು ಹೊರಬೀಳುವ ಕಾರಕೂನರಲ್ಲಿಯೂ ಈ ಪ್ರಶ್ನೆಯನ್ನು ನಾನು ಕೇಳಿದ್ದೇನೆ. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ವಾರಕ್ಕೆ ಒಂದೇ ದಿನ ಸೂಟಿಯಿರುವವನಿಗೆ ವಿಚಿತ್ರವಲ್ಲ. ಆ ಒಂದು ದಿನ ಕೆಸರಿನಲ್ಲಿ ಹೂತುಹೋದರೆ ಮುಂದಿನದಕ್ಕೆ ಏಳು ದಿನ ಕಾಯಬೇಕು. ಕೈಕಾಲು ಮುರಿದುಕೊಂಡರಂತೂ ಪಗಾರವೇ ನಿಂತುಹೋಗುತ್ತದೆ.

ಈ ಕಾರಣದಿಂದ ಕಳೆದ ಮೂರು ವಾರಗಳ ನನ್ನ ಸೂಟಿಗಳನ್ನು ಗುಡ್ಡಗಳಲ್ಲಿಯೇ ಕಳೆದು, ಕಂಡದ್ದನ್ನು ವಾಚಕರ ಮುಂದಿಡುತ್ತಿದ್ದೇನೆ. ನಾನು ಪಂದ್ಯದ ಸವಾರನಲ್ಲ. ಐವತ್ತು ದಾಟಿದ ಕಾರಕೂನ. ಏರಿನಲ್ಲಿ ಉಸಿರು ಕಟ್ಟಿದರೆ ಇಳಿದು ತಳ್ಳುವುದಕ್ಕೆ ನನಗೆ ನಾಚಿಕೆಯೇನೂ ಇಲ್ಲ.

ಮೊದಲು ವಾಹನದ ಮಾತು. ಈಚೆಗೆ ಪೇಟೆಯಲ್ಲಿ 'ಗ್ರಾವೆಲ್ ಬೈಕ್' ಎಂಬ ಜಾತಿಯ ಸೈಕಲ್ಲು ಬಂದಿದೆ. ಜಲ್ಲಿ, ಗರಸು, ಮಣ್ಣಿನ ದಾರಿಗಳಿಗೆಂದೇ ಮಾಡಿದ್ದು. ಹಿಡಿಕೆಯು ಪಂದ್ಯದ ಸೈಕಲ್ಲಿನದರಂತೆ, ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿರುತ್ತದೆ. ಟಯರು ಮಾತ್ರ ಅಗಲವಾದುದು, ಸಾಮಾನ್ಯವಾಗಿ 38ರಿಂದ 45 ಮಿಲಿಮೀಟರಿನಷ್ಟು. ಅಮೇರಿಕೆಯ ಕಾನ್ಸಾಸ್ ರಾಜ್ಯದ ಜಲ್ಲಿರಸ್ತೆಗಳಲ್ಲಿ 2006ರಲ್ಲಿ ಆರಂಭವಾದ 200 ಮೈಲಿಯ ಪಂದ್ಯವೊಂದು ಈ ಹವ್ಯಾಸಕ್ಕೆ ಹೆಸರು ತಂದುಕೊಟ್ಟಿತು. 2022ರಲ್ಲಿ ಇಟಲಿಯಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್ ಪಂದ್ಯವೂ ನಡೆಯಿತು. ಬೆಲೆ ಲಕ್ಷ ರೂಪಾಯಿಗಳನ್ನು ಮೀರುವುದುಂಟು. ಇದನ್ನು ಕೇಳಿ ನಮ್ಮವರು ನಿರಾಶರಾಗಬೇಕಾಗಿಲ್ಲ. ನಮ್ಮ ತಂದೆಯವರು ತುಳಿದ, ಹಾಲಿನವರು ಇಂದಿಗೂ ತುಳಿಯುವ ಆ ಕರಿಯ ಸೈಕಲ್ಲಿನ ಟಯರಿನ ಮೇಲೆ ಬರೆದಿರುವುದನ್ನು ಓದಿ ನೋಡಿ: ವ್ಯಾಸ 28 ಇಂಚು, ಅಗಲ ಒಂದೂವರೆ ಇಂಚು. ಒಂದೂವರೆ ಇಂಚೆಂದರೆ 38 ಮಿಲಿಮೀಟರ್! ಲಕ್ಷ ರೂಪಾಯಿಯವರು ಹೊಸದೆಂದು ಕೊಳ್ಳುತ್ತಿರುವ ಅಗಲವು ನಮ್ಮ ಮನೆಯ ಜಗಲಿಯಲ್ಲಿ ಎಂದಿನಿಂದಲೋ ಒರಗಿ ನಿಂತಿತ್ತು.

ಆದರೆ ವ್ಯತ್ಯಾಸವೇ ಇಲ್ಲವೆಂದು ಭ್ರಮಿಸಬಾರದು. ಕರಿಯ ಸೈಕಲ್ಲು ಹೊಸದರ ಸುಮಾರು ಇಮ್ಮಡಿ ತೂಗುತ್ತದೆ, ಅದಕ್ಕೆ ಗೇರುಗಳಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಬ್ರೇಕು. ಕಂಬಿಯಿಂದ ಎಳೆಯುವ ಹಳೆಯ ಬ್ರೇಕಿನ ರಬ್ಬರು ನೆನೆದ ಉಕ್ಕಿನ ರಿಮ್ಮಿನ ಮೇಲೆ ಹಿಡಿಯುವುದಿಲ್ಲ, ಜಾರುತ್ತದೆ. ಹೊಸದರಲ್ಲಿ ಚಕ್ರದ ನಡುವಿನ ಬಿಲ್ಲೆಯನ್ನು ಹಿಡಿಯುವ ಡಿಸ್ಕ್ ಬ್ರೇಕು ಇರುವುದರಿಂದ ಮಳೆಯಲ್ಲಿಯೂ ಕೆಲಸ ಮಾಡುತ್ತದೆ. ಆದುದರಿಂದ ಹಳೆಯ ಸೈಕಲ್ಲಿನಲ್ಲಿ ಗುಡ್ಡ ಹತ್ತುವುದಕ್ಕೆ ನನ್ನ ವಿರೋಧವಿಲ್ಲ, ಒದ್ದೆ ಗುಡ್ಡ ಇಳಿಯುವುದಕ್ಕೆ ಇದೆ. ಅಂದಹಾಗೆ, ಸೈಕಲ್ಲಿಗೂ ನಮ್ಮ ನಾಡಿಗೂ ಪುಣೆಗೂ ಹಳೆಯ ನಂಟೊಂದಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರರು ತಮ್ಮ ಉದ್ಯಮವನ್ನು 1888ರಲ್ಲಿ ಆರಂಭಿಸಿದ್ದು ಬೆಳಗಾವಿಯ ಒಂದು ಸೈಕಲ್ಲಿನ ಅಂಗಡಿಯಿಂದ. ಅವರ ಹೆಸರಿನ ಉದ್ಯಮಗಳು ಇಂದು ಪುಣೆಯಲ್ಲಿ ಬೇರುಬಿಟ್ಟಿವೆ.

ಇನ್ನು ನೆಲದ ವಿಚಾರ. ಇದನ್ನು ತಿಳಿಯದೆ ದಾರಿಯ ಸ್ಥಿತಿ ತಿಳಿಯದು. ಪುಣೆಯ ಸುತ್ತಲಿನ ಗುಡ್ಡಗಳೆಲ್ಲ ಕರಿಗಲ್ಲಿನವು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದ ಲಾವಾ ಪದರ ಪದರವಾಗಿ ಹೆಪ್ಪುಗಟ್ಟಿ ಆದವು. ಈ ಕಲ್ಲು ಸವೆದು ಎರಡು ಬಗೆಯಾಗುತ್ತದೆ. ಇಳಿಜಾರಿನಲ್ಲಿ ಅರ್ಧ ಸವೆದು ಪುಡಿಯಾಗಿ ನಿಂತರೆ ಗರಸು. ಇಲ್ಲಿಯವರು ಮುರುಮ್ ಎನ್ನುತ್ತಾರೆ. ತಗ್ಗಿನಲ್ಲಿ ಪೂರ್ಣ ಸವೆದು ಶೇಖರವಾದರೆ ಕಪ್ಪು ಮಣ್ಣು. ಧಾರವಾಡ, ವಿಜಾಪುರಗಳ ಕಡೆಯಿಂದ ಬಂದವರಿಗೆ ಎರೆಯೆಂದರೇನೆಂದು ವಿವರಿಸಬೇಕಾಗಿಲ್ಲ. ಗರಸು ಎರಡು ದಿನದ ಬಿಸಿಲಿಗೆ ಬಸಿದು ಗಟ್ಟಿಯಾಗುತ್ತದೆ. ಎರೆ ಹಾಗಲ್ಲ, ನೀರು ಕುಡಿದು ಉಬ್ಬುತ್ತದೆ, ಚಕ್ರಕ್ಕೆ ಮೆತ್ತುತ್ತದೆ, ಮಡ್‌ಗಾರ್ಡಿನೊಳಗೆ ತುಂಬಿಕೊಂಡು ಚಕ್ರವನ್ನೇ ನಿಲ್ಲಿಸಿಬಿಡುತ್ತದೆ. ಮೇಲೆ ಒಣಗಿದಂತೆ ಕಂಡರೂ ಅಡಿಯಲ್ಲಿ ಒಂದೆರಡು ವಾರ ಹಸಿಯಾಗಿಯೇ ಇರುತ್ತದೆ. ದಕ್ಷಿಣ ಕನ್ನಡ, ಉಡುಪಿಗಳಿಂದ ಬಂದ ನಮ್ಮ ಹೊಟೇಲು ಬಂಧುಗಳಿಗೆ ಮುರಕಲ್ಲು ಗೊತ್ತು, ಪಾಚಿ ಗೊತ್ತು; ಎರೆ ಗೊತ್ತಿಲ್ಲ. ಮೊದಲ ವರ್ಷ ಅವರೇ ಹೆಚ್ಚಾಗಿ ಸಿಕ್ಕಿಬೀಳುವವರು.

ಮತ್ತೊಂದು ಸಂಗತಿಯನ್ನು ಗಮನದಲ್ಲಿಡಬೇಕು. ಸಹ್ಯಾದ್ರಿಯ ನೆತ್ತಿಯ ಮೇಲಿರುವ ಲೋಣಾವಳೆಯಲ್ಲಿ ವರ್ಷಕ್ಕೆ 400 ಸೆಂಟಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅಲ್ಲಿಂದ ಸುಮಾರು 65 ಕಿಲೋಮೀಟರ್ ಪೂರ್ವಕ್ಕಿರುವ ಪುಣೆಯಲ್ಲಿ 70ರ ಆಸುಪಾಸು. ಇನ್ನೂ ಆಚೆ ಸಾಸವಡದ ಕಡೆ ಮತ್ತಷ್ಟು ಕಡಿಮೆ. ಹೀಗಾಗಿ ಪುಣೆಯ ಗುಡ್ಡಗಳು ಒಮ್ಮೆಲೇ ಒಣಗುವುದಿಲ್ಲ. ಪೂರ್ವದಿಂದ ಪಶ್ಚಿಮಕ್ಕೆ ಒಣಗುತ್ತ ಹೋಗುತ್ತವೆ. ಸವಾರನೂ ಅದೇ ಕ್ರಮದಲ್ಲಿ ಹೋಗತಕ್ಕದ್ದು: ಮೊದಲು ಬೋಪದೇವ ಘಾಟು ದಾಟಿ ಸಾಸವಡದ ಬಯಲು, ಆಮೇಲೆ ನಗರದೊಳಗಿನ ವೇತಾಳ ಗುಡ್ಡ, ಬಳಿಕ ಸಿಂಹಗಡದ ಸುತ್ತು, ಕೊನೆಗೆ ಮುಳಶಿ. ನಮ್ಮ ಬಹುಜನರು ಮಾಡುವುದು ಇದಕ್ಕೆ ವಿರುದ್ಧ. ಜುಲೈ ತಿಂಗಳಲ್ಲಿ ಜಲಪಾತ ನೋಡುವ ಆಸೆಯಿಂದ ಪಶ್ಚಿಮಕ್ಕೆ ಓಡುತ್ತಾರೆ, ಅಕ್ಟೋಬರಿನಲ್ಲಿ ದಣಿದು ಮನೆಯಲ್ಲಿ ಕೂರುತ್ತಾರೆ.

ಪೂರ್ವದ ದಾರಿ ಈಗ ಚೆನ್ನಾಗಿದೆ. ಕೋಂಢವೆಯಿಂದ ಬೋಪದೇವ ಘಾಟು ಹತ್ತುವ ಡಾಂಬರು ರಸ್ತೆಯಲ್ಲಿ ಮೋಟಾರುಗಳ ಕಾಟವಿದೆ. ಬೆಳಗಿನ ಆರಕ್ಕೇ ಅದನ್ನು ದಾಟಿಬಿಡುವುದು ಲೇಸು. ಮೇಲಿನ ಬೋಪಗಾವದಿಂದ ಕಾನಿಫನಾಥರ ಗುಡ್ಡದ ಬುಡವನ್ನು ಬಳಸಿ ಹೋಗುವ ಗರಸಿನ ದಾರಿಗಳು ಗಟ್ಟಿಯಾಗಿ, ಚಕ್ರದ ಅಡಿಯಲ್ಲಿ ಹುರಿಗಡಲೆ ಅಗಿದಂತೆ ಸದ್ದು ಮಾಡುತ್ತವೆ. ಮಳೆಯ ನೀರು ಅಡ್ಡಲಾಗಿ ಕೊರೆದ ಕೊರಕಲುಗಳು ಅಲ್ಲಲ್ಲಿವೆ. ಹುಲ್ಲು ಮುಚ್ಚಿರುವುದರಿಂದ ದೂರದಿಂದ ಕಾಣವು. ಹೊಲದ ಬದಿಯ ತಗ್ಗುಗಳಲ್ಲಿ ಎರೆ ಇನ್ನೂ ಮೆತ್ತಗಿದೆ. ಅಂಥಲ್ಲಿ ಇಳಿದು ಸೈಕಲ್ಲನ್ನು ಹೆಗಲಿಗೇರಿಸಿದರೆ ಇಪ್ಪತ್ತು ಹೆಜ್ಜೆಯ ಕೆಲಸ. ತುಳಿಯಲು ಹೋದರೆ ಅರ್ಧ ಗಂಟೆ ಕಡ್ಡಿಯಿಂದ ಮಣ್ಣು ಕೆರೆಯುವ ಕೆಲಸ. ಇಲ್ಲಿಯ ನಿಜವಾದ ಶತ್ರು ಜಾಲಿಮುಳ್ಳು. ಒಂದೇ ಬೆಳಿಗ್ಗೆ ನನ್ನ ಟ್ಯೂಬಿಗೆ ಮೂರು ತೂತು! ಟ್ಯೂಬಿಲ್ಲದ ಟಯರಿನೊಳಗೆ ಅಂಟುದ್ರವ ಹಾಕಿಕೊಂಡವರು ಮುಳ್ಳು ಕಿತ್ತೆಸೆದು ಮುಂದೆ ಸಾಗುತ್ತಾರೆ. ಉಳಿದವರು ಪಂಪು, ಪ್ಯಾಚು, ಮತ್ತು ಸಾಕಷ್ಟು ತಾಳ್ಮೆ ಒಯ್ಯಬೇಕು.

ಈ ಬಯಲಿನ ಅಂಚಿನಲ್ಲಿ ಪುರಂದರಗಡ ಎದ್ದು ನಿಂತಿದೆ. 1665ರಲ್ಲಿ ಶಿವಾಜಿ ಮಹಾರಾಜರಿಗೂ ಮೊಗಲರ ಸೇನಾನಿ ಜಯಸಿಂಹನಿಗೂ ಒಪ್ಪಂದವಾದ ಕೋಟೆ. ನಮ್ಮವರಿಗೆ ಇದರ ಹೆಸರು ಬೇರೊಂದು ಕಾರಣದಿಂದ ಪರಿಚಿತ: ಪುರಂದರದಾಸರ ಹುಟ್ಟೂರು ಇದೆಂದು ಬಹುಕಾಲ ನಂಬಿದ್ದೆವು. ಈಚಿನ ವಿದ್ವಾಂಸರು ತೀರ್ಥಹಳ್ಳಿ ಸೀಮೆಯ ಆರಗದತ್ತ ಬೆರಳು ತೋರಿಸುತ್ತಾರೆ. ವಿದ್ವಾಂಸರ ಮಾತಿಗೆ ನಾನು ತಲೆಬಾಗುತ್ತೇನೆ. ಆದರೂ ಗರಸಿನ ದಾರಿಯ ತಿರುವಿನಲ್ಲಿ ಆ ಗಡ ಮಂಜಿನಿಂದ ಮೇಲೇಳುವಾಗ ಒಂದು ನಿಮಿಷ ನಿಲ್ಲದೆ ಮುಂದೆ ಹೋಗಲು ನನ್ನಿಂದ ಈವರೆಗೆ ಆಗಿಲ್ಲ.

ನಗರದ ನಡುವೆಯೇ ಇರುವ ವೇತಾಳ ಗುಡ್ಡಕ್ಕೆ ಬರೋಣ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರ. ಪೇಟೆಯಿಂದ ಎಣಿಸಿದರೆ ಇನ್ನೂರು ಚಿಲ್ಲರೆ ಮೀಟರ್ ಏರು. ಕೆಲಸದ ಹೊತ್ತಿಗೆ ಮೊದಲು ಹೋಗಿಬರಬಹುದಾದ ಗುಡ್ಡ ಇದೊಂದೇ. ಆದ್ದರಿಂದ ಹೆಚ್ಚು ಸವೆದದ್ದೂ ಇದೇ. ನೆತ್ತಿಯ ವೇತಾಳನ ಗುಡಿಯಿಂದ ಹಳೆಯ ಕಲ್ಲುಗಣಿಯ ಕಡೆಗೆ ಬರುವ ಅಗಲವಾದ ಗರಸಿನ ಹಾದಿ ಒಣಗಿದೆ, ಸವಾರಿಗೆ ಯೋಗ್ಯವಾಗಿದೆ. ಗಣಿಯಲ್ಲಿ ನೀರು ನಿಂತಿದೆ. ಬೆಳಗಿನಲ್ಲಿ ನವಿಲುಗಳ ಕೂಗು ಕೇಳುತ್ತದೆ. ಆದರೆ ಇಳಿಜಾರಿನ ಕಿರುದಾರಿಗಳ ಸ್ಥಿತಿ ನೋಡಿ ನನಗೆ ದುಃಖವಾಯಿತು.

ಅದು ಹೇಗಾಗುತ್ತದೆ ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ. ಮಳೆಗಾಲದಲ್ಲಿ ಮೆತ್ತಗಾದ ದಾರಿಯ ಮೇಲೆ ಒಂದು ಚಕ್ರ ಹಾದರೆ ಎರಡು ಬೆರಳಿನ ಆಳದ ಗೆರೆ ಬೀಳುತ್ತದೆ. ಮುಂದಿನ ಮಳೆಯ ನೀರು ಹರಡಿ ಹರಿಯುವ ಬದಲು ಆ ಗೆರೆಯನ್ನು ಹಿಡಿದು ಇಳಿಯುತ್ತದೆ. ಇಳಿಯುತ್ತ ಗರಸನ್ನು ಹೊತ್ತೊಯ್ಯುತ್ತದೆ. ತಿಂಗಳೊಳಗೆ ಗೆರೆ ಕೊರಕಲಾಗುತ್ತದೆ, ಅಡಿಯ ಕಲ್ಲು ತಲೆಯೆತ್ತುತ್ತದೆ. ಕೊರಕಲಿನಲ್ಲಿ ಹೋಗಲಾರದೆ ಜನರು ಪಕ್ಕದ ಹುಲ್ಲಿನ ಮೇಲೆ ಹೊಸ ದಾರಿ ಮಾಡುತ್ತಾರೆ, ಅದೂ ಕೊರಕಲಾಗುತ್ತದೆ. ಒಂದು ಕಡೆ ಹೀಗೆ ಅಕ್ಕಪಕ್ಕದಲ್ಲಿ ನಾಲ್ಕು ದಾರಿಗಳನ್ನು ಎಣಿಸಿದೆ, ಮೊದಲಿದ್ದದ್ದು ಒಂದೇ. ನಡೆಯುವವರ ಪಾದವೂ ಸವೆಸುತ್ತದೆ, ಇಲ್ಲವೆನ್ನಲಾರೆ. ಆದರೆ ಪಾದ ಗುರುತುಗಳನ್ನು ಬಿಡಿಬಿಡಿಯಾಗಿ ಊರುತ್ತದೆ. ಚಕ್ರ ನೀರಿಗೆ ಒಂದೇ ಉದ್ದ ಕಾಲುವೆ ಕೊರೆದು ಕೊಡುತ್ತದೆ. ಹಿಂದಿನ ಚಕ್ರವನ್ನು ಬ್ರೇಕಿನಿಂದ ಬಿಗಿದು ಎಳೆಯುತ್ತ ಇಳಿಯುವ ಹುಡುಗರ ಉತ್ಸಾಹಕ್ಕೆ ಗುಡ್ಡವು ವರ್ಷಗಟ್ಟಲೆ ಬೆಲೆ ತೆರುತ್ತದೆ.

ಬಾಲಭಾರತಿಯಿಂದ ಪೌಡ್ ಫಾಟಾದವರೆಗೆ ಈ ಗುಡ್ಡದ ಮಗ್ಗುಲಲ್ಲಿ ಮೋಟಾರು ರಸ್ತೆ ತೆಗೆಯುವ ಮಹಾನಗರಪಾಲಿಕೆಯ ಯೋಜನೆಯನ್ನು ವಿರೋಧಿಸಿ 2023ರಲ್ಲಿ ನಾಗರಿಕರು ಮೆರವಣಿಗೆ ನಡೆಸಿದ್ದರು. ಆ ಗುಂಪಿನಲ್ಲಿ ಸೈಕಲ್ಲಿನವರೂ ಇದ್ದರು. ಗುಡ್ಡ ಉಳಿಯಲಿ ಎಂದು ಕೂಗಿದವರೇ ಒದ್ದೆ ದಾರಿಯ ಮೇಲೆ ಚಕ್ರ ಹಾಯಿಸಿದರೆ ಬೆಳಿಗ್ಗೆ ನಡೆಯಲು ಬರುವ ವೃದ್ಧರು ನಮ್ಮನ್ನು ಕಂಡು ಹುಬ್ಬುಗಂಟಿಕ್ಕುವುದು ಸಹಜವೇ. ಏಳರಿಂದ ಒಂಬತ್ತರವರೆಗೆ ಅವರ ಸಂದಣಿ. ಆ ಹೊತ್ತಿನಲ್ಲಿ ಕಿರಿದಾದಲ್ಲಿ ಇಳಿದು ನಿಂತು ದಾರಿ ಬಿಡುವುದೇ ಮರ್ಯಾದೆ. ಅರಣ್ಯ ಇಲಾಖೆಯು ಪ್ರವೇಶವಿಲ್ಲವೆಂದು ಫಲಕ ಹಾಕಿದ ಕಡೆ ಹೋಗುವ ಮಾತೇ ಬೇಡ.

ಸಿಂಹಗಡದ ದಾರಿಯನ್ನು ಬರೆಯುವ ಮೊದಲು ಒಂದು ಸಂಗತಿಯನ್ನು ಹೇಳಲೇಬೇಕು. ಪೇಟೆಯ ಹೊಟೇಲೊಂದರಲ್ಲಿ ಚಹ ಮಾಡುವ, ಕುಂದಾಪುರ ಕಡೆಯ ತರುಣನೊಬ್ಬ ನನಗೆ ಪರಿಚಿತ. ಅವನ ವಾರದ ಸೂಟಿ ಬುಧವಾರ. ಒಂದು ಜುಲೈ ತಿಂಗಳ ಬುಧವಾರ ಬೆಳಿಗ್ಗೆ, ಸಾಮಾನು ತರುವ ಕರಿಯ ಸೈಕಲ್ಲನ್ನೇ ತೆಗೆದುಕೊಂಡು ಸಿಂಹಗಡಕ್ಕೆ ಹೊರಟ. ದಾರಿ ಜಾರುತ್ತದೆಂದು ನಾನು ಹೇಳಿದೆ. "ನಮ್ಮೂರ ಮಳೆಯ ಮುಂದೆ ಇದೆಂತದು ರಾಯರೇ?" ಎಂದು ನಕ್ಕ. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ಡಾಂಬರು ಬಿಟ್ಟು ಒಳದಾರಿ ಹಿಡಿದವನು ಪಾಚಿಗಟ್ಟಿದ ಹಾಸುಗಲ್ಲಿನ ಮೇಲೆ ಬ್ರೇಕು ಒತ್ತಿದ. ಬ್ರೇಕು ಹಿಡಿಯಲಿಲ್ಲ, ಹಿಡಿದಾಗ ಮುಂದಿನ ಚಕ್ರ ಒಮ್ಮೆಲೇ ಕಚ್ಚಿಕೊಂಡಿತು. ಬಲಗೈಯ ಮಣಿಕಟ್ಟಿನ ಎಲುಬು ಮುರಿಯಿತು. ಆರು ವಾರ ಪ್ಲಾಸ್ಟರು. ಚಹ ಎತ್ತಿ ಸುರಿಯುವ ಕೈ ಅದೇ! ಬದಲಿ ಆಳು ಬಂದ. ಇವನಿಗೆ ಅರ್ಧ ಪಗಾರ, ಅದೂ ಒಂದೇ ತಿಂಗಳಿಗೆ. ಜೊತೆಯ ಕೆಲಸಗಾರರು ತಮ್ಮಲ್ಲೇ ವರ್ಗಣಿ ಎತ್ತಿ ಔಷಧದ ಖರ್ಚು ನೋಡಿಕೊಂಡರು. ಊರಿಗೆ ಕಳುಹಿಸುವ ಹಣ ಮಾತ್ರ ಎರಡು ತಿಂಗಳು ಹೋಗಲಿಲ್ಲ. ಬಿದ್ದದ್ದನ್ನು ತಾಯಿಗೆ ತಿಳಿಸಿರಲಿಲ್ಲವಾದ್ದರಿಂದ, ಮಗ ಹಣ ಪೋಲು ಮಾಡುತ್ತಿದ್ದಾನೆಂದು ಆಕೆ ತಿಳಿದರಂತೆ. ಎಲುಬಿಗಿಂತ ಹೆಚ್ಚು ನೋವಾದದ್ದು ಅದರಿಂದ ಎಂದು ಅವನು ನನ್ನೊಡನೆ ಹೇಳಿದ.

ಸಿಂಹಗಡವು ಪುಣೆಯ ನೈಋತ್ಯಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿದೆ. ಎತ್ತರ ಸಮುದ್ರಮಟ್ಟದಿಂದ 1,300 ಮೀಟರಿಗೂ ಹೆಚ್ಚು. 1670ರಲ್ಲಿ ತಾನಾಜಿ ಮಾಲುಸರೆ ಪ್ರಾಣ ಕೊಟ್ಟು ಗೆದ್ದ ಕೋಟೆಯೆಂದು ಮರಾಠಿ ಮಕ್ಕಳೆಲ್ಲ ಬಲ್ಲರು. ಮೇಲಕ್ಕೆ ಹೋಗುವ ಘಾಟಿನ ರಸ್ತೆಯಲ್ಲಿ ಮಳೆಗಾಲದಲ್ಲಿ ಗುಡ್ಡ ಕುಸಿಯುವುದುಂಟು. ಆಗ ರಸ್ತೆ ಮುಚ್ಚುತ್ತಾರೆ. ಶನಿವಾರ, ಭಾನುವಾರಗಳಲ್ಲಿ ಮೋಟಾರುಗಳ ಸಾಲು ನಿಂತುಬಿಡುತ್ತದೆ. ಇಲ್ಲಿ ನಮ್ಮ ಹೊಟೇಲು ಬಂಧುಗಳಿಗೆ ಒಂದು ಅನುಕೂಲವಿದೆ: ಅವರ ಸೂಟಿ ವಾರದ ನಡುವೆ ಬರುವುದರಿಂದ ಗಡವು ಅವರಿಗೆ ಖಾಲಿಯಾಗಿ ಸಿಗುತ್ತದೆ. ಕಚೇರಿಯವರಿಗೆ ಈ ಭಾಗ್ಯವಿಲ್ಲ.

ಗುಡ್ಡ ಹತ್ತುವುದಕ್ಕಿಂತ ಅದನ್ನು ಬಳಸುವುದು ಸೈಕಲ್ಲಿಗೆ ಸೊಗಸು. ಖಡಕವಾಸಲೆಯ ಕೆರೆಯ ದಂಡೆಯಿಂದ ಡೋಣಜೆಗೆ ಬಂದು, ಗೋಳೆವಾಡಿಯಿಂದ ಕೊಂಢಣಪುರದ ಕಡೆ ದಾಟಿ, ಖೇಡ ಶಿವಾಪುರದಲ್ಲಿ ಹೆದ್ದಾರಿಗೆ ಇಳಿಯುವ ಸುತ್ತು ಒಂದು ದಿನಕ್ಕೆ ಸರಿಯಾದದ್ದು. ಮುಖ್ಯ ದಾರಿ ಡಾಂಬರಿನದೇ. ಅದರಿಂದ ಹಳ್ಳಿಗಳ ನಡುವೆ ಕವಲೊಡೆಯುವ ಮಣ್ಣಿನ ದಾರಿಗಳು ಹಲವು. ಬಿಸಿಲು ಬೀಳುವ ದಕ್ಷಿಣದ ಮಗ್ಗುಲಿನಲ್ಲಿ ಅವು ಒಣಗಿವೆ. ಉತ್ತರದ ನೆರಳಿನಲ್ಲಿ, ಮರಗಳ ಅಡಿಯಲ್ಲಿ, ಇನ್ನೂ ಹದಿನೈದು ದಿನ ಬೇಕು. ಅಲ್ಲಿ ಹಾಸುಗಲ್ಲುಗಳ ಮೇಲಿನ ಪಾಚಿ ಕರಿದಾಗಿದೆ, ಸತ್ತಿಲ್ಲ. ಪಾಚಿ ಹಸಿರಾಗಿರುವಾಗ ಕಣ್ಣಿಗೆ ಬೀಳುತ್ತದೆ. ಕರಿದಾದಾಗ ಕಲ್ಲಿನ ಬಣ್ಣದಲ್ಲಿ ಬೆರೆತು ಮೋಸ ಮಾಡುತ್ತದೆ. ಇಬ್ಬನಿ ಬಿದ್ದ ಬೆಳಿಗ್ಗೆ ಅದರ ಮೇಲೆ ತಿರುಗಬಾರದು, ಬ್ರೇಕು ಒತ್ತಬಾರದು. ನೇರವಾಗಿ, ಸಾವಕಾಶವಾಗಿ ದಾಟತಕ್ಕದ್ದು. ಖೇಡ ಶಿವಾಪುರದಲ್ಲಿ ಸಿಗುವ ಹೆದ್ದಾರಿಯು ಸಾತಾರಾ, ಕೊಲ್ಹಾಪುರ ದಾಟಿ ಬೆಳಗಾವಿ, ಧಾರವಾಡಗಳಿಗೆ ಹೋಗುವುದೇ. ಅಲ್ಲಿ ನಿಂತು ದಕ್ಷಿಣಕ್ಕೆ ಓಡುವ ಕರ್ನಾಟಕದ ಬಸ್ಸುಗಳ ಕನ್ನಡ ಅಕ್ಷರಗಳನ್ನು ಓದುತ್ತ ನೀರು ಕುಡಿಯುವುದು ನನ್ನ ಹಳೆಯ ಚಟ.

ಗಡದ ಮೇಲೆ ಹಳ್ಳಿಯ ಹೆಂಗಸರು ಪಿಠಲ, ಭಾಕ್ರಿ, ಈರುಳ್ಳಿ ಭಜಿ, ಮಣ್ಣಿನ ಕುಡಿಕೆಯ ಮೊಸರು ಮಾರುತ್ತಾರೆ. ವಾರವೆಲ್ಲ ಇತರರಿಗೆ ಬಡಿಸುವ ನಮ್ಮ ಮಾಣಿಗಳು ಅಲ್ಲಿ ಚಾಪೆಯ ಮೇಲೆ ಕುಳಿತು ಬಡಿಸಿಕೊಂಡು ಉಣ್ಣುವುದನ್ನು ನೋಡಬೇಕು! ಒಬ್ಬನಂತೂ ಉಂಡ ತಟ್ಟೆಯನ್ನು ಅಭ್ಯಾಸಬಲದಿಂದ ತಾನೇ ಎತ್ತಿಕೊಂಡು ಹೋಗಿ ತೊಳೆಯುವಲ್ಲಿ ಇಟ್ಟು ಬಂದ.

ಮುಳಶಿಯ ದಾರಿಗಳನ್ನು ನಾನು ದೂರದಿಂದಲೇ ನೋಡಿ ಮರಳಿದೆ. ಭತ್ತದ ಗದ್ದೆಗಳಲ್ಲಿ ನೀರಿದೆ, ದಾರಿ ಒಸರುತ್ತಿದೆ. ನವೆಂಬರಿನ ನಡುವಿಗೆ ಮೊದಲು ಅತ್ತ ಹೋಗುವುದು ಬೇಡ.

ಹೊರಡುವವರಿಗೆ ಒಂದೆರಡು ಮಾತು. ಗಾಳಿಯನ್ನು ಕಲ್ಲಿನಂತೆ ಬಿಗಿಯಾಗಿ ತುಂಬಿಸಬೇಡಿ. ಸಾಧಾರಣ ಮೈತೂಕದವರಿಗೆ 40 ಮಿಲಿಮೀಟರಿನ ಟ್ಯೂಬಿಲ್ಲದ ಟಯರಿನಲ್ಲಿ 30ರಿಂದ 35 ಪೌಂಡು ಸಾಕು. ಟ್ಯೂಬು ಇದ್ದರೆ ಹತ್ತು ಪೌಂಡು ಹೆಚ್ಚಿರಲಿ, ಇಲ್ಲವಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕು ಟ್ಯೂಬು ಹರಿಯುತ್ತದೆ. ಇಳಿಜಾರಿನಲ್ಲಿ ಮೈಯನ್ನು ಹಿಂದಕ್ಕೆ ಸರಿಸಿ, ಎರಡೂ ಬ್ರೇಕುಗಳನ್ನು ಮೊದಲಿನಿಂದಲೇ ಮೆಲ್ಲಗೆ ಹಿಡಿಯಿರಿ. ನಸುಕಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಸಿಂಹಗಡದ ಕಾಡಿನಲ್ಲಿ ಚಿರತೆಯ ಸಂಚಾರವಿರಬಹುದು, ಒಬ್ಬರೇ ಹೋಗಬೇಡಿ. ಇನ್ನು, ದಾರಿ ಒಣಗಿದೆಯೇ ಎಂದು ತಿಳಿಯುವ ಉಪಾಯ ಸುಲಭ: ಹತ್ತು ಹೆಜ್ಜೆ ಸೈಕಲ್ಲು ತಳ್ಳಿ, ಹಿಂತಿರುಗಿ ನೋಡಿ. ಟಯರಿನ ಅಚ್ಚು ಆಳವಾಗಿ ಮೂಡಿದ್ದರೆ ಅಂದು ಡಾಂಬರಿನ ಮೇಲೆಯೇ ತಿರುಗಾಡಿ ಮನೆಗೆ ಮರಳಿ. ಸೂಟಿ ವ್ಯರ್ಥವಾಯಿತೆಂದು ಬೇಸರವಾಗುವುದು ನಿಜ. ನನಗೂ ಎಷ್ಟೋ ಸಲ ಆಗಿದೆ.

ಚಹ ಮಾಡುವ ಆ ತರುಣನ ಕೈ ಈಗ ಪೂರ್ಣ ಗುಣವಾಗಿದೆ. ಕರಿಯ ಸೈಕಲ್ಲಿಗೆ ಹೊಸ ಬ್ರೇಕು ರಬ್ಬರು ಹಾಕಿಸಿದ್ದಾನೆ. ಬರುವ ಬುಧವಾರ ಬೆಳಗಿನ ಐದಕ್ಕೆ ನಾವಿಬ್ಬರೂ ಸಾಸವಡದ ಕಡೆ ಹೊರಡುವುದೆಂದು ಗೊತ್ತಾಗಿದೆ. ನಾನು ಕಚೇರಿಗೆ ರಜೆಯ ಅರ್ಜಿ ಕೊಟ್ಟಾಯಿತು. ಸಾಸವಡದ ಪೇಟೆಯಲ್ಲಿ ಸೀತಾಫಲದ ಕಾಲವಿನ್ನೂ ಮುಗಿದಿಲ್ಲವೆಂದು ಕೇಳಿ, ಕ್ಯಾರಿಯರಿಗೆ ಕಟ್ಟಲು ಒಂದು ಬುಟ್ಟಿಯನ್ನೂ ಹೊಂದಿಸಿಕೊಂಡಿದ್ದಾನೆ. "ಇಳಿಜಾರಲ್ಲಿ ಹಣ್ಣು ಜಜ್ಜಿಹೋಗದ ಹಾಗೆ ನಿಧಾನ ಬರ್ತೇನೆ ಮಾರಾಯ್ರೇ, ಹೆದರಬೇಡಿ" ಎಂದಿದ್ದಾನೆ.